ಮರಡಿಹಳ್ಳಿಯ ಬಂಡೆ, ಎಡಿನ್‌ಬರೋದ ಸೀಟು

ಈ ಸಲ ಊರಿಗೆ ಹೋದಾಗ ಚಿಕ್ಕಪ್ಪನ ಮಗಳು ಕೇಳಿದಳು: “ಅಣ್ಣಾ, ಬಿಎಸ್ಸಿಗೆ ಅಮೆರಿಕಾನೋ, ಬ್ರಿಟನ್ನೋ?” ಊಟಕ್ಕೆ ಕೂತು ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ, ಅಪ್ಪನದು ಅಡಿಕೆ ವ್ಯಾಪಾರ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಪ್ಪ ಬೈಕಿನಲ್ಲಿ ಅದೇ ಜಿಲ್ಲೆಯ ಮರಡಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. ನೀರಿನಡಿ ಉಕ್ಕಿದ ಲಾವಾ ಅಲ್ಲೇ ಹೆಪ್ಪುಗಟ್ಟಿ, ದಿಂಬುಗಳನ್ನು ಒಟ್ಟಿಟ್ಟ ಹಾಗೆ ನಿಂತಿದೆ. ಸುಮಾರು 250 ಕೋಟಿ ವರ್ಷ ಹಳೆಯದು. ಹನ್ನೆರಡನೇ ಕ್ಲಾಸಿಗೆ ಬರುವಷ್ಟರಲ್ಲಿ ನನಗೆ ಫಿಸಿಕ್ಸ್ ಹುಚ್ಚು ಹಿಡಿದಿತ್ತು. ಆ ಬಂಡೆಯೂ ತಲೆಯಿಂದ ಹೋಗಿರಲಿಲ್ಲ.

ಬ್ರಿಟನ್ನಿಗೆ ಯೂಕಾಸ್ ಅನ್ನುವ ಒಂದೇ ಕೇಂದ್ರ ಅರ್ಜಿ ವ್ಯವಸ್ಥೆಯ ಮೂಲಕ ಐದು ಕಡೆ ಅರ್ಜಿ ಹಾಕಬಹುದು. ಆದರೆ ಐದಕ್ಕೂ ಒಂದೇ ಬರಹ, ಜಾಗ 4,000 ಅಕ್ಷರ: ಈ ವಿಷಯವೇ ಯಾಕೆ? ಫಿಸಿಕ್ಸ್ ಬಗ್ಗೆ ಬರೆದರೆ ಜಿಯಾಲಜಿಯವರು (ಭೂವಿಜ್ಞಾನದವರು) ಯಾಕೆ ಕರೆದಾರು? ಇಂಗ್ಲೆಂಡಿನಲ್ಲಿ ಮೂರೇ ವರ್ಷ, ಮೊದಲ ದಿನದಿಂದ ಹೆಚ್ಚುಕಮ್ಮಿ ನಿಮ್ಮ ವಿಷಯವೇ. ಕೇಂಬ್ರಿಡ್ಜ್‌ನ ನ್ಯಾಚುರಲ್ ಸೈನ್ಸಸ್ ಬೇರೆ ಥರ, ಮೊದಲ ವರ್ಷ ಮೂರು ವಿಜ್ಞಾನ, ಜೊತೆಗೆ ಗಣಿತ. ನನಗೆ ಹೇಳಿ ಮಾಡಿಸಿದ ಹಾಗಿತ್ತು. ಅದಕ್ಕೆ ಅರ್ಜಿ ಹಾಕಲು ಕೊನೆ ದಿನ ಅಕ್ಟೋಬರ್ 15. ಫೀಸು ತೆಗೆದುಕೊಂಡ ಕನ್ಸಲ್ಟೆಂಟ್ ಅದರ ಸುದ್ದಿಯನ್ನೇ ಎತ್ತಿರಲಿಲ್ಲ, ನನಗೆ ಗೊತ್ತಾಗಿದ್ದು ನವೆಂಬರಿನಲ್ಲಿ. ಆ ಸಂಕಟ ಈಗಲೂ ಇದೆ. ತಂಗೀ, ಕೋರ್ಸಿನ ಪುಟಗಳನ್ನು ನೀನೇ ಕೂತು ಓದು.

ಅಮೆರಿಕದಲ್ಲಿ ಮೇಜರ್, ಅಂದರೆ ಮುಖ್ಯ ವಿಷಯ, ಯಾವುದು ಅಂತ ಸಾಮಾನ್ಯವಾಗಿ ಎರಡನೇ ವರ್ಷದ ಕೊನೆಗೆ ಹೇಳಿದರೆ ಸಾಕು. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಅರ್ಜಿಯಾದ ಕಾಮನ್ ಆ್ಯಪ್‌ನ 650 ಪದಗಳ ಪ್ರಬಂಧದಲ್ಲಿ ಅವರು ಕೇಳುವುದು ನಿನ್ನನ್ನು, ವಿಷಯವನ್ನಲ್ಲ. ಮರಡಿಹಳ್ಳಿಯನ್ನು ನಾನು ಮನಸಾರೆ ಬರೆದದ್ದು ಅಲ್ಲೇ. ತೊಡಕು ದುಡ್ಡಿನದು. ವಿದೇಶಿ ವಿದ್ಯಾರ್ಥಿ ನೆರವು ಕೇಳಿದರೆ ಬಹಳಷ್ಟು ಕಾಲೇಜುಗಳಲ್ಲಿ ಸೀಟಿನ ಅವಕಾಶವೇ ಕಡಿಮೆಯಾಗುತ್ತದೆ. ಎಂಐಟಿ, ಪ್ರಿನ್ಸ್‌ಟನ್, ಆಮ್ಹರ್ಸ್ಟ್ ಥರ ಮನೆಯ ಆದಾಯ ನೋಡದೆ ಆರಿಸಿ, ಬೇಕಾದಷ್ಟು ನೆರವು ಕೊಡುವ ಜಾಗಗಳು ಬೆರಳೆಣಿಕೆಯಷ್ಟು. ಅಂಥ ಎರಡು ಕಡೆ ಹಾಕಿದೆ, ಸಿಗಲಿಲ್ಲ.

ಉಳಿದದ್ದು ಸ್ಕಾಟ್ಲೆಂಡ್. ಅಲ್ಲಿ ಆನರ್ಸ್ ಡಿಗ್ರಿ ನಾಲ್ಕು ವರ್ಷ, ಮೊದಲೆರಡು ವರ್ಷ ಬೇರೆ ವಿಷಯಕ್ಕೂ ಜಾಗ ಇರುತ್ತದೆ. ಅಪ್ಪ ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಗುಣಿಸಿ, “ಇಂಗ್ಲೆಂಡಾದ್ರೆ ಒಂದು ವರ್ಷದ ದುಡ್ಡು ಉಳೀತದಲ್ಲೋ” ಅಂದರು. ಆ ಒಂದು ವರ್ಷಕ್ಕಾಗಿಯೇ ಹೋಗಬೇಕು ಅಂತ ಎರಡು ರಾತ್ರಿ ವಾದ ಮಾಡಿದೆ. ಒಂದು ಸೈಟು ಮಾರಿದರು, ಉಳಿದದ್ದಕ್ಕೆ ಸಾಲ.

ಹೀಗೆ ಸೇರಿದ್ದು ಸ್ಕಾಟ್ಲೆಂಡಿನ ಎಡಿನ್‌ಬರೋ ಯೂನಿವರ್ಸಿಟಿಗೆ. ಇಲ್ಲಿ ಫಿಸಿಕ್ಸ್ ನಡೆಯುವುದು ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಹೆಸರಿನ ಕಟ್ಟಡದಲ್ಲಿ. ಬೆಳಕು ವಿದ್ಯುತ್ಕಾಂತೀಯ ಅಲೆ ಅಂತ ಲೆಕ್ಕ ಹಾಕಿ ತೋರಿಸಿದ ಅವರು 1831ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಹಿಗ್ಸ್ ಬೋಸಾನ್ ಕಣ ಇರಬೇಕು ಅಂತ ಮೊದಲೇ ಊಹಿಸಿದ ಪೀಟರ್ ಹಿಗ್ಸ್ ಪಾಠ ಮಾಡಿದ್ದೂ ಇಲ್ಲೇ. ಮೊದಲ ವರ್ಷ ನಾನು ಆರಿಸಿಕೊಂಡ ಹೊರಗಿನ ವಿಷಯ ಜಿಯಾಲಜಿ. ಚಳಿಯಲ್ಲಿ ಸ್ಕಾಟ್ಲೆಂಡಿನ ಪೂರ್ವ ಕರಾವಳಿಯ ಸಿಕಾರ್ ಪಾಯಿಂಟಿಗೆ ಹೋದೆವು. ಕಡಲಂಚಿನಲ್ಲಿ ನೆಟ್ಟಗೆ ನಿಂತ ಬೂದು ಪದರಗಳ ಮೇಲೆ ಕೆಂಪು ಮರಳುಗಲ್ಲು ಓರೆಯಾಗಿ ಕೂತಿದೆ, ನಡುವೆ ಕೋಟ್ಯಂತರ ವರ್ಷಗಳ ಅಂತರ. 1788ರಲ್ಲಿ ಆಧುನಿಕ ಜಿಯಾಲಜಿಯ ಪಿತಾಮಹ ಅನ್ನಿಸಿಕೊಂಡ ಜೇಮ್ಸ್ ಹಟ್ಟನ್ ದೋಣಿಯಲ್ಲಿ ಬಂದು ನೋಡಿದ್ದು ಇದನ್ನೇ.

ಫೋಟೋ ಕಳಿಸಿದೆ. ಅಪ್ಪ ಫೋನ್ ಮಾಡಿ ಕೇಳಿದರು: “ನಮ್ಮ ಮರಡಿಹಳ್ಳೀದು ಇದಕ್ಕಿಂತ ಹಳೇದೇನೋ?”

“ಹೂಂ ಅಪ್ಪಾ. ಇದಕ್ಕಿಂತ 200 ಕೋಟಿ ವರ್ಷ ಹಳೇದು.”