ಎವಾನ್ಸ್‌ವಿಲ್‌ನ ಎಲ್‌ಎಸ್‌ಟಿ-325: ಹೊರಡುವ ಮುಂಚೆ ಹಡಗು ಊರಲ್ಲಿದೆಯಾ ಕೇಳಿಕೊಳ್ಳಿ

ಮೊದಲ ಸಲ ಹೋದಾಗ ಹಡಗೇ ಇರಲಿಲ್ಲ! ಎಲ್‌ಎಸ್‌ಟಿ-325 ಅಂದರೆ ಅಮೆರಿಕದ ಇಂಡಿಯಾನಾ ರಾಜ್ಯದ ಎವಾನ್ಸ್‌ವಿಲ್‌ನಲ್ಲಿ ಈಗ ಮ್ಯೂಸಿಯಂ ಆಗಿರುವ ಎರಡನೇ ಮಹಾಯುದ್ಧದ ಹಡಗು. ಎಲ್‌ಎಸ್‌ಟಿ ಅಂದರೆ 'ಲ್ಯಾಂಡಿಂಗ್ ಶಿಪ್, ಟ್ಯಾಂಕ್', ಯುದ್ಧದ ಟ್ಯಾಂಕ್‌ಗಳನ್ನು ದಡಕ್ಕೆ ಇಳಿಸುವ ಹಡಗು. ಇಂಡಿಯಾನಾಪೊಲಿಸ್‌ನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಒಹಾಯೊ ನದಿ ದಂಡೆಗೆ ಬಂದರೆ, ಹಡಗು ಕಟ್ಟುವ ಜಾಗ ಖಾಲಿ. ತಪ್ಪು ನನ್ನದೇ. ಮ್ಯೂಸಿಯಂ ಅಂದಮೇಲೆ ಎಲ್ಲಿಗೆ ಹೋಗುತ್ತೆ ಅಂದುಕೊಂಡಿದ್ದೆ. ಆದರೆ ಎಲ್‌ಎಸ್‌ಟಿ-325 ಇನ್ನೂ ಓಡುವ ಹಡಗು. ಸಾಮಾನ್ಯವಾಗಿ ಆಗಸ್ಟ್ ಕೊನೆಗೆ ಹೊರಟು, ಸೆಪ್ಟೆಂಬರ್‌ನಲ್ಲಿ ನದಿಯ ಬೇರೆ ಊರುಗಳನ್ನು ಸುತ್ತುತ್ತಿರುತ್ತದೆ. ಅವತ್ತು ದಂಡೆಯ ಬೆಂಚಿನ ಮೇಲೆ ಚಿತ್ರಾನ್ನ ತಿಂದು ವಾಪಸ್ ಬಂದೆವು.

ಎರಡನೇ ಸಲ ಹೋಗಿದ್ದು ಮೇ ತಿಂಗಳಲ್ಲಿ, ಮೈಸೂರಿನಿಂದ ಬಂದಿದ್ದ ಅಪ್ಪ ಅಮ್ಮನ ಜೊತೆ. ಇಂಡಿಯಾನಾಪೊಲಿಸ್ ಅಥವಾ ಲೂಯಿವಿಲ್ ಕಡೆಯಿಂದ ಹೋಗುವವರಿಗೆ ಒಂದು ಮಾತು. ಎವಾನ್ಸ್‌ವಿಲ್‌ನ ಗಡಿಯಾರ ನಮ್ಮದಕ್ಕಿಂತ ಒಂದು ಗಂಟೆ ಹಿಂದೆ. ಹೋಗುವಾಗ ಒಂದು ಗಂಟೆ ಉಳಿಯುತ್ತದೆ, ಬರುವಾಗ ಅದು ಹೋಗುತ್ತದೆ. ಇನ್ನೊಂದು, ಹಳೆಯ ರಿವ್ಯೂಗಳಲ್ಲಿರುವ ದಾರಿ ಹಿಡಿಯಬೇಡಿ. 2020ರಲ್ಲಿ ಹಡಗನ್ನು ಊರಿನ ನಡುವಿನ ದಂಡೆಗೆ ತಂದಿದ್ದಾರೆ.

ಗೈಡ್ ಜೊತೆಯಲ್ಲೇ ಒಳಗೆ ಸುತ್ತುವುದು, ಸುಮಾರು ಒಂದು ಗಂಟೆ ಬೇಕು. ಟ್ಯಾಂಕ್‌ಗಳನ್ನು ನಿಲ್ಲಿಸುತ್ತಿದ್ದ ಕೆಳಗಿನ ಡೆಕ್‌ಗೆ ಕಾಲಿಟ್ಟ ಕೂಡಲೇ ಅಪ್ಪ ನಕ್ಕರು: "ನಮ್ಮ ಡಿಪೋ ಶೆಡ್ಡನ್ನೇ ತಂದು ನೀರಿಗೆ ಬಿಟ್ಟಿದ್ದಾರೆ ಕಣೋ." ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಮಾತು ನಿಜವೇ. ಹಡಗಿನ ಉದ್ದ 328 ಅಡಿ, ಅಗಲ 50 ಅಡಿ. ಮೂತಿಯಲ್ಲಿ ಎರಡು ದೊಡ್ಡ ಬಾಗಿಲು. ಬಾಗಿಲು ತೆರೆದು ರ‍್ಯಾಂಪ್ ಇಳಿಸಿದರೆ ಟ್ಯಾಂಕ್, ಲಾರಿ ಎಲ್ಲ ನೇರ ಮರಳಿಗೆ ಇಳಿಯಬೇಕು, ಬಂದರೇ ಬೇಡ. ಅದಕ್ಕೇ ತಳ ಚಪ್ಪಟೆ, ಹರಿಗೋಲಿನ ಹಾಗೆ. ಸಮುದ್ರದಲ್ಲಿ ಒಳಗಿದ್ದವರ ಗತಿ ಏನು ಅಂತ ಅಮ್ಮ ಕೇಳಿದರು. ವಾಂತಿ ಅಂತ ಗೈಡ್ ಕೈಸನ್ನೆಯಲ್ಲೇ ತೋರಿಸಿದರು.

ನನಗೆ ಜಾಸ್ತಿ ಇಷ್ಟವಾಗಿದ್ದು ದಡದಿಂದ ವಾಪಸ್ ಬರುವ ಉಪಾಯ. ದಡ ಮುಟ್ಟುವ ಮುಂಚೆಯೇ ಹಿಂದಿನ ಲಂಗರನ್ನು ನೀರಿಗೆ ಬಿಟ್ಟು ಮುಂದೆ ಹೋಗುತ್ತಾರೆ. ಸಾಮಾನು ಇಳಿಸಿದ ಮೇಲೆ ಆ ಲಂಗರಿನ ಹಗ್ಗವನ್ನು ವಿಂಚ್‌ನಲ್ಲಿ ಸುತ್ತುತ್ತಾ ಹಡಗನ್ನು ಹಿಂದಕ್ಕೆ ಎಳೆದುಕೊಳ್ಳುವುದು. ಅಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡರು.

ಈ ಊರಿನ ಶಿಪ್‌ಯಾರ್ಡ್ ಯುದ್ಧಕಾಲದಲ್ಲಿ 167 ಎಲ್‌ಎಸ್‌ಟಿ ಕಟ್ಟಿತ್ತು. ಹಾಗಂತ ಇದೂ ಇಲ್ಲೇ ಹುಟ್ಟಿದ್ದು ಅಂದುಕೊಳ್ಳಬೇಡಿ, ಇದರ ತವರು ಫಿಲಡೆಲ್ಫಿಯಾ. 1943ರ ಫೆಬ್ರವರಿಯಲ್ಲಿ ನೌಕಾಪಡೆಗೆ ಸೇರಿ ಅದೇ ವರ್ಷ ಇಟಲಿಯ ಸಿಸಿಲಿ, ಸಲೆರ್ನೊ ದಾಳಿಗಳನ್ನು ನೋಡಿತು. 1944ರ ಜೂನ್‌ನಲ್ಲಿ ಫ್ರಾನ್ಸ್‌ನ ನಾರ್ಮಂಡಿ ದಾಳಿ, ಅಲ್ಲಿನ ಒಮಾಹಾ ಬೀಚ್. ಮೊದಲ ಟ್ರಿಪ್‌ನಲ್ಲಿ 59 ವಾಹನ ಒಯ್ದು, ಬರುವಾಗ 38 ಗಾಯಾಳುಗಳನ್ನು ತಂದಿತ್ತು. ಆಮೇಲೆ ಇಂಗ್ಲಿಷ್ ಕಾಲುವೆ ದಾಟಿದ್ದು ನಲವತ್ತಕ್ಕೂ ಹೆಚ್ಚು ಸಲ. ವೇಗ ಗಂಟೆಗೆ ಸುಮಾರು 22 ಕಿಲೋಮೀಟರ್, ಅಷ್ಟೇ! ಅದಕ್ಕೇ ನಾವಿಕರು ಎಲ್‌ಎಸ್‌ಟಿ ಅಂದರೆ 'ಲಾರ್ಜ್ ಸ್ಲೋ ಟಾರ್ಗೆಟ್' ಅಂತ ತಮಾಷೆ ಮಾಡುತ್ತಿದ್ದರು. 1944ರ ಡಿಸೆಂಬರ್ 28ರಂದು ಎಂಪೈರ್ ಜಾವೆಲಿನ್ ಅನ್ನುವ ಸೈನಿಕರ ಹಡಗು ಮುಳುಗುವಾಗ, ಸುಮಾರು 700 ಜನರನ್ನು ಉಳಿಸಿದ್ದು ಇದೇ ನಿಧಾನದ ಹಡಗು.

1964ರಲ್ಲಿ ಗ್ರೀಸ್‌ಗೆ ಹೋಗಿ 'ಸಿರೋಸ್' ಅಂತ ಹೆಸರು ಬದಲಾಯಿತು. 1999ರವರೆಗೂ ಅಲ್ಲೇ ದುಡಿಯಿತು. (ನಮ್ಮ ನೌಕಾಪಡೆಯ ಮೊದಲ ಐಎನ್‌ಎಸ್ ಮಗರ್ ಕೂಡ ಬ್ರಿಟನ್ ಕಟ್ಟಿದ ಎಲ್‌ಎಸ್‌ಟಿಯೇ. 1949ರಲ್ಲಿ ಬಂದದ್ದು.) ಎಲ್‌ಎಸ್‌ಟಿ-325ನ್ನು ಗ್ರೀಸ್‌ನಿಂದ ವಾಪಸ್ ತಂದವರು ಯಾರು ಗೊತ್ತಾ? ನಿವೃತ್ತ ನಾವಿಕರು. ಅವರ ಸರಾಸರಿ ವಯಸ್ಸು 72! 2000ದ ನವೆಂಬರ್‌ನಲ್ಲಿ ಕ್ರೀಟ್‌ನಿಂದ ಹೊರಟು, ಅಟ್ಲಾಂಟಿಕ್ ದಾಟಿ, 2001ರ ಜನವರಿ 10ಕ್ಕೆ ಅಲಬಾಮಾದ ಮೊಬೈಲ್ ಮುಟ್ಟಿದರು. ಇದನ್ನು ಕೇಳಿದ ಮೇಲೆ ಅಪ್ಪ ಮಂಡಿನೋವಿನ ಮಾತೇ ಎತ್ತಲಿಲ್ಲ.

ಆದರೆ ನೀವು ಎತ್ತಿ. ಏಣಿಗಳು ತುಂಬಾ ಕಡಿದು. ಇಳಿಯುವಾಗ ಏಣಿಗೆ ಮುಖ ಮಾಡಿ, ಎರಡೂ ಕೈಯಲ್ಲಿ ಹಿಡಿದುಕೊಂಡು ಇಳಿಯಬೇಕು. ಬಾಗಿಲುಗಳ ಹೊಸ್ತಿಲು ಎತ್ತರ, ತಲೆಗೂ ಜೋಪಾನ. ಸೀರೆ ಬೇಡ ಅಂತ ಮೊದಲೇ ಹೇಳಿದ್ದಕ್ಕೆ ಅಮ್ಮ ಚೂಡಿದಾರ್ ಹಾಕಿದ್ದರು. ಆದರೂ ಅರ್ಧದಲ್ಲಿ ಸಾಕಪ್ಪಾ ಅಂತ ಕೆಳಗಿನ ಡೆಕ್‌ನಲ್ಲೇ ಉಳಿದರು. ವಯಸ್ಸಾದವರಿದ್ದರೆ ಹತ್ತುವ ಜಾಗ ಎಷ್ಟಿದೆ ಅಂತ ಮೊದಲೇ ಗೈಡ್‌ನ ಕೇಳಿ. ಬೇಸಿಗೆಯಲ್ಲಿ ಬೆಳಗ್ಗೆಯೇ ಹೋಗಿ, ಮೇಲಿನ ಡೆಕ್ಕಿನ ಕಬ್ಬಿಣ ದೋಸೆ ಕಾವಲಿ ಆಗಿರುತ್ತದೆ.

ನಾವು ಅಲ್ಲಿಂದ ಐದಕ್ಕೆ ಹೊರಟೆವು. ಮನೆ ಮುಟ್ಟಿದಾಗ ಒಂಬತ್ತು ದಾಟಿತ್ತು. ಮೂರು ಗಂಟೆ ದಾರಿಗೆ ಇಷ್ಟು ಹೊತ್ತಾ ಅಂತ ಅಮ್ಮ ಇನ್ನೂ ಕೇಳುತ್ತಿರುತ್ತಾರೆ.