ಎಂಟು ದೇಶಕ್ಕೊಂದು ಬಾವುಟ

ಮಗಳ ಕಾಲೇಜಿನಲ್ಲಿ ಅಣಕು ಅಧಿವೇಶನ ಇತ್ತು. ಅವಳ ಗುಂಪಿಗೆ ಸಿಕ್ಕ ವಿಷಯ ಪೂರ್ವ ಆಫ್ರಿಕಾದ ಒಕ್ಕೂಟ. ಅಲ್ಲಿನ ದೇಶಗಳೆಲ್ಲ ಸೇರಿ ನಾಳೆ ಒಂದೇ ಒಕ್ಕೂಟವಾದರೆ ಅದಕ್ಕೊಂದು ಬಾವುಟ ಬೇಕಲ್ಲ, ಅದನ್ನು ಇವರು ಮಾಡಿ ಸಭೆಯ ಮುಂದೆ ಇಡಬೇಕು. ಕಾಗದದ ಮೇಲೆ ಬರೆದುಕೊಂಡು ಹೋದರೂ ನಡೆಯುತ್ತಿತ್ತು. ಆದರೆ ಮನೆಯಲ್ಲೇ ಹೊಲಿಗೆ ಅಂಗಡಿ ಇರುವಾಗ ಕಾಗದ ಯಾಕೆ ಅಂತ ಭಾನುವಾರ ಬೆಳಿಗ್ಗೆ ಗೆಳತಿಯರನ್ನೆಲ್ಲ ಕರೆದುಕೊಂಡು ಬಂದಳು. ಬಾಗಲಕೋಟೆ ನವನಗರದ ನಮ್ಮ ಅಂಗಡಿ ಅಂದರೆ ಮನೆಯ ಮುಂದಿನ ಕೋಣೆ. ಎರಡು ಮಷಿನ್, ಒಂದು ಕಟಿಂಗ್ ಟೇಬಲ್, ಗೋಡೆ ತುಂಬ ಟೂ ಬೈ ಟೂ ಬ್ಲೌಸ್ ಪೀಸ್. ಬಣ್ಣಕ್ಕೇನೂ ಬರ ಇಲ್ಲ.

"ಆಂಟಿ, ದೇಶಕ್ಕೊಂದು ಚುಕ್ಕಿ ಹಾಕಿಬಿಡ್ರಿ, ಮುಗೀತು" ಅಂದಳು ಒಬ್ಬಳು.

ಎಷ್ಟು ದೇಶ ಅಂತ ಕೇಳಿದೆ. ಎಂಟು ಅಂದರು. ಮೊದಲಿಂದಲೂ ಎಂಟೇನಾ ಅಂತ ಕೇಳಿದ್ದಕ್ಕೆ ಮಗಳು ಫೋನ್ ತೆಗೆದು ಓದಿದಳು. ಪೂರ್ವ ಆಫ್ರಿಕಾ ಸಮುದಾಯ ಅಂತ ಈಗ ಇರುವುದು 2000ದಲ್ಲಿ ಶುರುವಾದಾಗ ಕೀನ್ಯಾ, ಉಗಾಂಡಾ, ತಾಂಜಾನಿಯಾ ಅಷ್ಟೇ ಇದ್ದವು. 2007ರಲ್ಲಿ ರುವಾಂಡಾ, ಬುರುಂಡಿ ಬಂದವು. 2016ರಲ್ಲಿ ದಕ್ಷಿಣ ಸುಡಾನ್, 2022ರಲ್ಲಿ ಕಾಂಗೋ, 2024ರಲ್ಲಿ ಸೋಮಾಲಿಯಾ. ಅಂದರೆ ಚುಕ್ಕಿ ಲೆಕ್ಕ ಹಿಡಿದಿದ್ದರೆ ಇಷ್ಟರಲ್ಲಿ ಎಷ್ಟು ಸಲ ಬಿಚ್ಚಿ ಹೊಲಿಯಬೇಕಿತ್ತು ನೋಡಿ. ಹೊಲಿದಿದ್ದನ್ನು ಬಿಚ್ಚುವ ಕೆಲಸದಷ್ಟು ಬೇಸರ ನನಗೆ ಇನ್ನೊಂದಿಲ್ಲ.

ದೇಶಗಳು ಸೇರುವುದೊಂದೇ ಅಲ್ಲ, ಬಿಟ್ಟೂ ಹೋಗುತ್ತವೆ. ಈಜಿಪ್ಟ್, ಸಿರಿಯಾ 1958ರಲ್ಲಿ ಒಂದಾಗಿ ಎರಡು ನಕ್ಷತ್ರದ ಬಾವುಟ ಮಾಡಿಕೊಂಡವು. 1961ರಲ್ಲಿ ಸಿರಿಯಾ ಹೊರಗೆ ನಡೆಯಿತು. ಈಜಿಪ್ಟ್ ಮಾತ್ರ ಆಮೇಲೂ ಹತ್ತು ವರ್ಷ ಅದೇ ಎರಡು ನಕ್ಷತ್ರ ಹಾರಿಸಿತು. ಮಲೇಷ್ಯಾ 1963ರಲ್ಲಿ 14 ಪಟ್ಟಿ ಹಾಕಿತು, ಅದರಲ್ಲೊಂದು ಸಿಂಗಪುರದ್ದು. ಎರಡೇ ವರ್ಷಕ್ಕೆ ಸಿಂಗಪುರ ಬೇರೆಯಾಯಿತು. ಪಟ್ಟಿ ತೆಗೆಯಲಿಲ್ಲ, ಅದರ ಅರ್ಥ ಬದಲಿಸಿ ಕೇಂದ್ರ ಸರ್ಕಾರದ ಹೆಸರಿಗೆ ಬರೆದರು. ಬಟ್ಟೆ ಉಳಿಸಿಕೊಂಡ ಆ ಜಾಣತನ ನನಗೆ ಹಿಡಿಸಿತು. ಆಗ್ನೇಯ ಏಷ್ಯಾದ ಆಸಿಯಾನ್ ಬಾವುಟದಲ್ಲಿ ಹತ್ತು ದೇಶಕ್ಕೆ ಹತ್ತು ಭತ್ತದ ಪೈರು. 2025ರಲ್ಲಿ ಹನ್ನೊಂದನೇ ದೇಶವಾಗಿ ಪೂರ್ವ ತಿಮೋರ್ ಸೇರಿತು.

ಯುರೋಪಿನವರದು ಇನ್ನೊಂದು ಕತೆ. 1950ರ ದಶಕದಲ್ಲಿ ಅಲ್ಲಿ ಸದಸ್ಯರಿಗೊಂದರಂತೆ 15 ನಕ್ಷತ್ರ ಅಂದರೆ ಜರ್ಮನಿ ಒಪ್ಪಲಿಲ್ಲ, ಗಡಿಯ ಸಾರ್ ಪ್ರಾಂತಕ್ಕೆ ಪ್ರತ್ಯೇಕ ನಕ್ಷತ್ರ ಕೊಟ್ಟಂತಾಗುತ್ತೆ ಅಂತ. 14 ಅಂದರೆ ಸಾರ್‌ನವರಿಗೆ ಸಿಟ್ಟು. 13 ಅಪಶಕುನ ಅಂತೆ. ಕೊನೆಗೆ 1955ರಲ್ಲಿ ಯಾವ ದೇಶಕ್ಕೂ ಸಂಬಂಧ ಇಲ್ಲದ 12 ಅಂತ ಮಾಡಿ ಕೈತೊಳೆದುಕೊಂಡರು. ಆಮೇಲೆ ಯಾರು ಬಂದರೂ ಯಾರು ಹೋದರೂ 12 ಹಾಗೇ ಇದೆ. ಜಗಳದಿಂದ ಹುಟ್ಟಿದ್ದೇ ಗಟ್ಟಿ ಉಳಿದಿದೆ, ಅಲ್ವಾ?

ಚುಕ್ಕಿ ಬೇಡ ಅಂತಾಯಿತು. ನಕ್ಷೆ ಹಾಕೋಣ ಅಂದಳು ಇನ್ನೊಬ್ಬಳು. ಸೈಪ್ರಸ್, ಕೊಸೊವೊ ಬಾವುಟಗಳಲ್ಲಿ ನಕ್ಷೆ ಇದೆಯಂತೆ. ಆದರೆ ದಕ್ಷಿಣ ಸುಡಾನ್ ಅನ್ನುವ ದೇಶವೇ 2011ರ ತನಕ ನಕ್ಷೆಯಲ್ಲಿ ಇರಲಿಲ್ಲ. ಇನ್ನು ನಕ್ಷೆ ಬದಲಾಗುತ್ತೆ ಅಂತ ಬಾಗಲಕೋಟೆಯವರಿಗೆ ಯಾರಾದರೂ ಹೇಳಿಕೊಡಬೇಕಾ? ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಹಳೇ ಊರಿಗೆ ಬಂದಿದ್ದಕ್ಕೇ ತಾನೇ ನಾವು ಸೆಕ್ಟರ್ ನಂಬರ್ ಹೇಳಿಕೊಂಡು ಇಲ್ಲಿ ಕೂತಿರೋದು.

ಆಮೇಲೆ ಎಂಟೂ ಬಾವುಟಗಳ ಬಣ್ಣಕ್ಕೆ ಹೊಂದುವ ಬ್ಲೌಸ್ ಪೀಸ್ ತೆಗೆದು ನೆಲದ ಮೇಲೆ ಸಾಲಾಗಿ ಹಾಸಿದೆವು. ಎಲ್ಲರಲ್ಲೂ ಇರುವ ಒಂದು ಬಣ್ಣ ಸಿಕ್ಕರೆ ಸಾಕು ಅಂತ ಲೆಕ್ಕ. ಕೀನ್ಯಾಕ್ಕೆ ಕಪ್ಪು, ಕೆಂಪು, ಹಸಿರು, ನಡುವೆ ಬಿಳಿ. ಉಗಾಂಡಾದಲ್ಲಿ ಕಪ್ಪು, ಹಳದಿ, ಕೆಂಪು ಪಟ್ಟಿ, ಹಸಿರೇ ಇಲ್ಲ. ರುವಾಂಡಾದಲ್ಲಿ ನೀಲಿ, ಹಳದಿ, ಹಸಿರು. ಕೆಂಪೂ ಇಲ್ಲ ಕಪ್ಪೂ ಇಲ್ಲ. ಸೋಮಾಲಿಯಾದಲ್ಲಿ ತಿಳಿನೀಲಿ ನೆಲ, ಒಂದು ಬಿಳಿ ನಕ್ಷತ್ರ, ಅಷ್ಟೇ. ನೆಲ ತುಂಬ ಬಟ್ಟೆ ಹರಡಿಕೊಂಡು ಕೂತರೂ ಎಂಟಕ್ಕೂ ಸೇರಿದ ಬಣ್ಣ ಒಂದೂ ಸಿಗಲಿಲ್ಲ.

ಆ ಬಿಳಿ ನಕ್ಷತ್ರದ ವಿಷಯ ಓದಿದ ಮೇಲೆ ಹುಡುಗಿಯರು ಒಮ್ಮೆ ಸುಮ್ಮನಾದರು. ಅದರ ಐದು ಮೊನೆ ಅಂದರೆ ಸೋಮಾಲಿ ಜನ ಇರುವ ಐದು ಪ್ರದೇಶ. ಅದರಲ್ಲಿ ಎರಡು ಮಾತ್ರ ಸೋಮಾಲಿಯಾ ಆದವು. ಉಳಿದವುಗಳಲ್ಲಿ ಒಂದು ಜಿಬೂಟಿ, ಒಂದು ಇಥಿಯೋಪಿಯಾದಲ್ಲಿದೆ, ಇನ್ನೊಂದು ಕೀನ್ಯಾದ ಈಶಾನ್ಯ ಭಾಗ. ಪಕ್ಕದ ಮನೆಯವರ ಹಿತ್ತಲನ್ನೂ ತಮ್ಮ ಬಾವುಟದಲ್ಲಿ ಎಣಿಸಿಕೊಂಡವರು ಈಗ ಆ ಕೀನ್ಯಾದ ಜೊತೆಗೇ ಒಂದೇ ಸಮುದಾಯದಲ್ಲಿ ಕೂತಿದ್ದಾರೆ. ಗಡಿಯ ಮಾತು ಬೆಳಗಾವಿ ವಿಭಾಗದವರಾದ ನಮಗೆ ಬಿಡಿಸಿ ಹೇಳಬೇಕಾಗಿಲ್ಲ.

ಎರಡು ಬಾವುಟ ಕೂಡಿಸುವ ಕೆಲಸವನ್ನು ಆ ಕಡೆ ಒಬ್ಬರು ಆಗಲೇ ಮಾಡಿದ್ದಾರೆ. 1964ರಲ್ಲಿ ಟಾಂಗಾನಿಕಾ, ಜಾಂಜಿಬಾರ್ ಒಂದಾಗಿ ತಾಂಜಾನಿಯಾ ಆಯಿತು. ಟಾಂಗಾನಿಕಾದ ಹಸಿರು, ಕಪ್ಪು, ಹಳದಿಗೆ ಜಾಂಜಿಬಾರಿನ ನೀಲಿ ಸೇರಿಸಿ, ಪಟ್ಟಿಯನ್ನು ಅಡ್ಡ ಬಿಟ್ಟು ಓರೆ ಹಾಕಿದರು. ಮೇಲೆ ಯಾರು ಕೆಳಗೆ ಯಾರು ಅನ್ನುವ ತಂಟೆ ಕಮ್ಮಿ. ಮಗಳಿಗೆ ಅದೇ ಬೇಕಿತ್ತು. ನಾನು ಒಲ್ಲೆ ಅಂದೆ. ಬ್ಲೌಸಿನ ಕೊರಳಿಗೆ ನಾವು ಬೇಕಂತಲೇ ಕ್ರಾಸ್ ಪಟ್ಟಿ ಕತ್ತರಿಸುತ್ತೇವೆ, ಯಾಕಂದರೆ ಓರೆ ಕತ್ತರಿಸಿದ ಬಟ್ಟೆ ಎಳೆದಷ್ಟು ಬರುತ್ತೆ, ತಿರುವಿಗೆ ಒಗ್ಗುತ್ತೆ. ಬಾವುಟದಲ್ಲಿ ಅದೇ ಗುಣ ತೊಂದರೆ. ಎರಡು ಓರೆ ಅಂಚು ಕೂಡಿಸಿದರೆ ಹೊಲಿಗೆ ಉದ್ದಕ್ಕೂ ಅಲೆ ಏಳುತ್ತೆ, ಇಸ್ತ್ರಿ ಹಾಕಿದರೂ ಕೂಡುವುದಿಲ್ಲ. ಒಂದು ತುಂಡು ಕತ್ತರಿಸಿ ಹೊಲಿದು ತೋರಿಸಿದೆ. "ಅವ್ವ, ಇದು ಚಕ್ಲಿ ಆಗೇತಿ" ಅಂತ ಅವಳೇ ನಕ್ಕಳು.

ನಮ್ಮ ಅತ್ತೆ ಅಡುಗೆಮನೆಯಿಂದಲೇ ಎಲ್ಲ ಕೇಳುತ್ತಿದ್ದರು. ಅವರ ತವರು ತುಳಸಿಗೇರಿ. ಅಲ್ಲಿನ ಖಾದಿ ಕೇಂದ್ರದಲ್ಲಿ ನೇಯ್ದ ಬಟ್ಟೆಯೇ ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ರಾಷ್ಟ್ರಧ್ವಜ ಆಗುತ್ತೆ. ಹಾಗಾಗಿ ಬಾವುಟದ ವಿಷಯ ಬಂದರೆ ಅತ್ತೆಯದೇ ಕೊನೆಯ ಮಾತು. "ಅಲ್ಲಿ ಮಂದಿ ಏನ್ ಉಣ್ತಾರ?" ಅಂತ ಕೇಳಿದರು. ಮಗಳು ಹುಡುಕಿದಳು. ಮೆಕ್ಕೆಜೋಳ, ಬಾಳೆ, ಮರಗೆಣಸು, ಜೋಳ.

ಜೋಳ! ಜೋಳ ಮೊದಲು ಬೆಳೆದದ್ದೇ ಆ ಕಡೆ, ಈಗಿನ ಸುಡಾನ್ ಭಾಗದಲ್ಲಿ. ಅಲ್ಲಿಂದ ಸಾವಿರಾರು ವರ್ಷದ ಹಿಂದೆ ಹೊರಟದ್ದು ನಮ್ಮ ರೊಟ್ಟಿ ಬುಟ್ಟಿಗೆ ಬಂದು ಕೂತಿದೆ. ಬುರುಂಡಿಯ ಹಳೆಯ ಬಾವುಟದಲ್ಲಿ ಜೋಳದ ಗಿಡ ಇತ್ತು, ರುವಾಂಡಾದ ಲಾಂಛನದಲ್ಲಿ ಈಗಲೂ ಇದೆ. ಬಾವುಟದ ನಡುವೆ ಒಂದು ತೆನೆ ಹಾಕುವುದು ಅಂತ ಯಾರೂ ತಕರಾರಿಲ್ಲದೆ ಒಪ್ಪಿದರು. ಕಾಳನ್ನು ದೇಶಕ್ಕೊಂದು ಅಂತ ಎಣಿಸುವವರೂ ಇಲ್ಲ.

ಹಸಿರು ನೆಲ, ಕೆಳಗೆ ಕಪ್ಪು ಪಟ್ಟಿ, ಬಂಗಾರದ ಬಣ್ಣದ ತೆನೆ. ನೀಲಿ ನೆಲಕ್ಕೆ ನಾನೇ ಬೇಡ ಅಂದಿದ್ದೆ. ವಿಶ್ವಸಂಸ್ಥೆ ನೀಲಿ, ಯುರೋಪ್ ನೀಲಿ. ಇನ್ನೊಂದು ನೀಲಿ ಹಾರಿದರೆ ಯಾವುದೋ ಕಚೇರಿಯದು ಅನಿಸುತ್ತೆ. ತೆನೆ ಮಾತ್ರ ಬಹಳ ಕಾಡಿತು. ಕಾಳು ಕಾಳಾಗಿ ಕತ್ತರಿಸಿ ಅಂಟಿಸಿದರೆ ದೂರದಿಂದ ಮೆಕ್ಕೆಜೋಳ. ನುಣುಪಾಗಿ ಕತ್ತರಿಸಿದರೆ ದೀಪದ ಕುಡಿ. ಕೊನೆಗೆ ಇಳಕಲ್ ಸೀರೆ ಸೆರಗಿನ ತೋಪುತೆನಿ ಚಿತ್ತಾರದ ಹಲ್ಲು ನೆನಪಾಗಿ, ಅಂಚಿಗೆಲ್ಲ ಮೊನೆ ಮೊನೆಯಾಗಿ ಕತ್ತರಿ ಆಡಿಸಿದೆ. ಆಗ ಜೋಳ ಆಯಿತು. ಎರಡೂ ಮಗ್ಗುಲಲ್ಲಿ ಕಾಣಬೇಕು ಅಂತ ಒಂದು ಕಡೆ ಹೊಲಿದು, ಹಿಂದಿನ ಹಸಿರು ಬಟ್ಟೆಯನ್ನು ಹೊಲಿಗೆಯ ಒಳಗಿನಿಂದ ಕತ್ತರಿಸಿ ತೆಗೆದೆ. ಈ ಕೆಲಸ ಮಾಡುವಾಗ ಯಾರೂ ಮಾತಾಡಿಸಬಾರದು.

ಅಧಿವೇಶನ ನೋಡಲು ನಾನೂ ಹೋಗಿದ್ದೆ. ಮಗಳು ಶುರುವಿಗೆ ಹಳೆಯ ಕತೆ ಹೇಳಿದಳು. 1960ರಲ್ಲಿ ಟಾಂಗಾನಿಕಾದ ನಾಯಕ ನೈರೇರೆ, ಅಕ್ಕಪಕ್ಕದ ದೇಶಗಳ ಜೊತೆ ಒಂದಾಗುವುದಾದರೆ ತಮ್ಮ ದೇಶದ ಸ್ವಾತಂತ್ರ್ಯ ತಡವಾದರೂ ಚಿಂತೆಯಿಲ್ಲ ಅಂದಿದ್ದರಂತೆ. 1963ರಲ್ಲಿ ಮೂರು ದೇಶದ ನಾಯಕರು ಒಕ್ಕೂಟ ಮಾಡುತ್ತೇವೆ ಅಂತ ಸಾರಿದ್ದೂ ಆಯಿತು, ಆಗಲಿಲ್ಲ. 1967ರಲ್ಲಿ ಕಟ್ಟಿದ ಸಮುದಾಯ 1977ಕ್ಕೆ ಮುರಿಯಿತು. ಅಷ್ಟು ಹೇಳಿ ಬಾವುಟ ಬಿಚ್ಚಿದರು. ಚಪ್ಪಾಳೆ ಬಿತ್ತು. ಸೋಮಾಲಿಯಾದ ಪ್ರತಿನಿಧಿಯಾಗಿದ್ದ ಹುಡುಗ ಮಾತ್ರ ಎದ್ದು ನಿಂತ.

"ನಮ್ಮ ಬಾವುಟದಾಗ ಇರೋದು ಎರಡ ಬಣ್ಣ, ತಿಳಿನೀಲಿ ಮತ್ತ ಬಿಳಿ. ಇದರಾಗ ನಾವೆಲ್ಲಿ ಅದೀವಿ?"

ಕಾಂಗೋದವಳು ಅವನ ಕಡೆ ಸೇರಿದಳು, ಅವರದೂ ತಿಳಿನೀಲಿಯೇ. ಒಂದು ನೀಲಿ ಪಟ್ಟಿ ಸೇರಿಸಬೇಕು ಅಂತ ತಿದ್ದುಪಡಿ ಪಾಸಾಯಿತು. ಊಟದ ಬಿಡುವಿನಲ್ಲಿ ಹುಡುಗ ನೇರ ನನ್ನ ಹತ್ತಿರವೇ ಬಂದ. ಪಟ್ಟಿ ಹೊರತುದಿಗೆ ಬರಬೇಕು, ಗಾಳಿಗೆ ಹಾರುವಾಗ ಎದ್ದು ಕಾಣಬೇಕು ಅಂತ ಅವನ ಆಸೆ. ತುದಿ ಗಾಳಿಗೆ ಬಡಿದು ಬಡಿದು ಎಲ್ಲಕ್ಕಿಂತ ಮೊದಲು ಹರಿಯುತ್ತೆ ಕಣಪ್ಪ, ಅಲ್ಲಿ ಹಾಕಿದರೆ ಮೊದಲು ಚಿಂದಿಯಾಗೋದು ನಿಮ್ಮ ದೇಶವೇ ಅಂದೆ.

ಸ್ವಲ್ಪ ಯೋಚನೆ ಮಾಡಿದ. "ಹಂಗಾರ ಕಂಬದ ಕಡೀಗೆ ಹಾಕ್ರಿ ಆಂಟಿ. ಕಾಂಗೋದವರಿಗೆ ಕೇಳೂದು ಬ್ಯಾಡ."