ಚಪಡನ ಸಹಿ, ಮೊಳಕಾಲ್ಮೂರಿನ ಸೀರೆ

ಮೊಳಕಾಲ್ಮೂರು ಅಂದರೆ ತುಂಬಾ ಜನಕ್ಕೆ ರೇಷ್ಮೆ ಸೀರೆ ನೆನಪಾಗುತ್ತದೆ. ನಮ್ಮ ಚಿತ್ರದುರ್ಗ ಜಿಲ್ಲೆಯವರಿಗೆ ಅದರ ಜೊತೆಗೇ ಬರಗಾಲವೂ ನೆನಪಾಗುತ್ತದೆ. ಈ ಊರಿನ ಪಕ್ಕಕ್ಕೆ ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ ಒಂದು ಕಾಗದ ಬಂದಿತ್ತು, ಅದು ಇನ್ನೂ ಅಲ್ಲೇ ಇದೆ ಅನ್ನುವುದು ಮಾತ್ರ ಎಷ್ಟೋ ಜನಕ್ಕೆ ಗೊತ್ತಿಲ್ಲ. ಓದಿ ತಿಳಿದಿದ್ದ ನಾನೂ ಅದನ್ನು ಕಣ್ಣಾರೆ ಕಂಡಿದ್ದು ಅಕ್ಕನ ಮಗಳ ಮದುವೆಗೆ ಸೀರೆ ತರಲು ಹೋದ ದಿನ.

ಸೀರೆ ಅಂಗಡಿಯಲ್ಲಿ ಬೇಡ, ನೇಯುವವರ ಮನೆಯಲ್ಲೇ ತಗೊಳ್ಳೋಣ ಅಂತ ಚಿಕ್ಕಮ್ಮ ಮೊದಲೇ ಹೇಳಿದ್ದರು. ಚಿಕ್ಕಮ್ಮನ ಮನೆ ಮೊಳಕಾಲ್ಮೂರಿನಲ್ಲೇ. ಚಳ್ಳಕೆರೆ ದಾಟಿ ಬಿ.ಜಿ.ಕೆರೆ, ಹಾನಗಲ್ ಕಡೆ ಹೋಗುವಾಗ ರಸ್ತೆಯ ಎರಡೂ ಬದಿ ಶೇಂಗಾ ಹೊಲ. ಶ್ರಾವಣ ಮುಗಿಯುತ್ತಾ ಬಂದಿತ್ತು. ಗಿಡ ಹಸಿರಾಗಿದ್ದರೂ ಮಧ್ಯಾಹ್ನದ ಬಿಸಿಲಿಗೆ ಎಲೆ ಮುದುಡುತ್ತದೆ, ಕಾಯಿ ಕಟ್ಟುವ ಹೊತ್ತಿಗೆ ಒಂದು ಹದ ಮಳೆ ಬೇಕು ಅಂತ ಬಸ್ಸಿನಲ್ಲಿ ಪಕ್ಕ ಕೂತ ರೈತರು ಹೇಳಿದರು. ರಾಜ್ಯದಲ್ಲೇ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಯ ನೀರು ಬರುತ್ತದೆ ಅನ್ನುವ ಮಾತು ಇಲ್ಲಿ ಒಂದು ತಲೆಮಾರನ್ನೇ ಕಾಯಿಸಿದೆ. ಆ ರೈತರು ಅದನ್ನು ಕೇಳಿದ ತಕ್ಷಣ ಸುಮ್ಮನಾದರು. ನನಗೆ ಬೇಜಾರಾಯಿತು.

ದಾರಿಯಲ್ಲಿ ಒಂದು ಕಡೆ ಎತ್ತುಗಳ ದೊಡ್ಡ ಹಿಂಡು ರಸ್ತೆ ದಾಟಿತು. ಬಸ್ಸು ನಿಂತಿತು, ಯಾರೂ ಹಾರ್ನ್ ಹೊಡೆಯಲಿಲ್ಲ. ಅವು ದೇವರ ಎತ್ತುಗಳು. ಈ ಕಡೆಯ ದನಗಾಹಿ ಸಮುದಾಯವಾದ ಮ್ಯಾಸಬೇಡರು ತಮ್ಮ ದೇವರ ಹೆಸರಲ್ಲಿ ಸಾಕುವ ಈ ದನಗಳನ್ನು ನೇಗಿಲಿಗೆ ಹೂಡುವುದಿಲ್ಲ. ಅವನ್ನು ಕಾಯಲು ಕಿಲಾರಿ ಅಂತಲೇ ಒಬ್ಬ ಇರುತ್ತಾನೆ. ಮೇವು ಸಿಗದ ವರ್ಷವೂ ಅವನು ಅವನ್ನು ಬಿಟ್ಟು ಹೋಗುವುದಿಲ್ಲ.

ಪಟ್ಟಣ ದೊಡ್ಡದೇನಲ್ಲ. ಸುತ್ತ ಬಂಡೆಗಳ ಗುಡ್ಡ, ಮೇಲೆ ಹಳೇ ಕೋಟೆಯ ಗೋಡೆ, ಕೆಳಗೆ ಪೇಟೆ. ಆಂಧ್ರದ ರಾಯದುರ್ಗ ಪಕ್ಕದಲ್ಲೇ ಇರುವುದರಿಂದ ಅಂಗಡಿಯಲ್ಲಿ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ. ಚಿಕ್ಕಮ್ಮನೂ ತರಕಾರಿಯವಳ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ ಬೈದುಕೊಂಡರು.

"ನೇಕಾರರು ಮಧ್ಯಾಹ್ನದ ಮೇಲೆ ಬನ್ನಿ ಅಂದಿದಾರೆ. ಅಲ್ಲೀತನಕ ಅಕ್ಷರ ಗುಂಡು ನೋಡ್ಕಂಡು ಬರಾಣ ಬಾ" ಅಂದರು ಚಿಕ್ಕಮ್ಮ. ಆಟೋ ಮಾಡಿಕೊಂಡು ಅಶೋಕ ಸಿದ್ದಾಪುರದ ಕಡೆ ಹೊರಟೆವು.

ಬ್ರಹ್ಮಗಿರಿ ಅನ್ನುವುದು ಬರೀ ಬಂಡೆಗಳ ಗುಡ್ಡ. ಅದರ ಬುಡದಲ್ಲಿ, ಮಾಡಿನ ಕೆಳಗೆ, ಅಕ್ಷರ ಗುಂಡು ಇದೆ. ಅಶೋಕನ ಕಾಲದ ಶಾಸನ, ಕ್ರಿ.ಪೂ. 3ನೇ ಶತಮಾನದ್ದು. ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ, ಒಟ್ಟು 13 ಸಾಲು. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಇದನ್ನು ಗುರುತಿಸಿ ಹೊರಜಗತ್ತಿಗೆ ತಿಳಿಸಿದರು. ಹತ್ತಿರದಲ್ಲೇ ಸಿದ್ದಾಪುರದ ಬಂಡೆಯ ಮೇಲೆ ಒಂದು, ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ ಒಂದು, ಹೀಗೆ ಇದೇ ಮಾತಿನ ಇನ್ನೂ ಎರಡು ಶಾಸನಗಳಿವೆ. ಜಟಾಯು ಬಿದ್ದ ಜಾಗ ಅಂತ ಜನ ನಂಬುವ ಆ ಬೆಟ್ಟದಲ್ಲಿ ಶಾಸನವಿರುವ ಬಂಡೆಗೆ ಬಳೆಗಾರ ಗುಂಡು ಅಂತ ಹೆಸರು. ಜಾತ್ರೆಯಲ್ಲಿ ಬಳೆಗಾರರು ಅಲ್ಲೇ ಅಂಗಡಿ ಹಾಕುತ್ತಿದ್ದರಂತೆ. ಆ ಅಕ್ಷರ ತುಂಬಾ ಸವೆದು ಹೋಗಿದೆ. ಬ್ರಹ್ಮಗಿರಿಯದು ಹಾಗಲ್ಲ, ಬಗ್ಗಿ ನೋಡಿದರೆ ಗೀರು ಚೆನ್ನಾಗಿ ಕಾಣುತ್ತದೆ.

ಅದರಲ್ಲಿ ಏನಿದೆ ಅಂತ ಚಿಕ್ಕಮ್ಮ ಕೇಳಿದರು. ಅಷ್ಟು ವರ್ಷ ಅದೇ ಊರಲ್ಲಿದ್ದರೂ ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಓದಿದ್ದನ್ನು ನೆನಪು ಮಾಡಿಕೊಂಡು ಹೇಳಿದೆ. ಅಶೋಕನ ದಕ್ಷಿಣದ ಆಡಳಿತ ಕೇಂದ್ರ ಸುವರ್ಣಗಿರಿಯಿಂದ ಆರ್ಯಪುತ್ರ, ಅಂದರೆ ರಾಜಕುಮಾರ, ಮತ್ತು ಅಲ್ಲಿನ ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಇದು. ಈ ಜಾಗವೇ ಇಸಿಲ. ಮೊದಲು ಅವರ ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತು ಶುರುವಾಗುತ್ತದೆ.

"ಚೆನ್ನಾಗಿದೀರಾ ಅಂತ ಕೇಳಿದಾನಾ!" ಅಂತ ಚಿಕ್ಕಮ್ಮನಿಗೆ ಖುಷಿಯೋ ಖುಷಿ.

ರಾಜ ಹೇಳುವುದು ತನ್ನದೇ ಕಥೆ. ತಾನು ಬುದ್ಧನ ಅನುಯಾಯಿಯಾದರೂ ಮೊದಮೊದಲು ಹೆಚ್ಚು ಶ್ರಮ ಪಡಲಿಲ್ಲ, ಒಂದು ವರ್ಷದಿಂದ ಈಚೆಗೆ ಮನಸ್ಸಿಟ್ಟು ದುಡಿದಿದ್ದೇನೆ ಅನ್ನುತ್ತಾನೆ. ಆಮೇಲೆ ಬರುವ ಮಾತು ನನಗೆ ಬಹಳ ಇಷ್ಟ. ಇದರ ಫಲ ದೊಡ್ಡವರಿಗೆ ಮಾತ್ರ ಸಿಗುವುದಲ್ಲ, ಮನಸ್ಸಿಟ್ಟು ದುಡಿದರೆ ಸಣ್ಣವನಿಗೂ ಸ್ವರ್ಗ ಸಿಗುತ್ತದೆ ಅನ್ನುವ ಮಾತದು. ತಂದೆ ತಾಯಿಯ ಮಾತು ಕೇಳಿ, ಜೀವಿಗಳ ಮೇಲೆ ಕರುಣೆ ಇರಲಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ, ನೆಂಟರ ಜೊತೆ ಸರಿಯಾಗಿ ನಡೆದುಕೊಳ್ಳಿ. ಇದು ಹಿಂದಿನಿಂದ ಬಂದ ನಡತೆ, ಇದರಿಂದ ಆಯಸ್ಸು ಹೆಚ್ಚುತ್ತದೆ ಅಂತ ಮುಂದೆ ಹೇಳುತ್ತಾನೆ.

ಕೊನೆಯಲ್ಲಿ ಒಂದು ಹೆಸರಿದೆ. ಚಪಡ. ಇದನ್ನು ಬರೆದ ಲಿಪಿಕಾರ ಅವನು. ತನ್ನ ಕಸುಬಿನ ಹೆಸರನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ, ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ವಾಯವ್ಯ ಭಾರತದ, ಗಾಂಧಾರದ ಕಡೆಯ ಲಿಪಿ. ಹಾಗಾಗಿ ಅವನು ಆ ಕಡೆಯವನೇ ಇರಬೇಕು ಅಂತ ವಿದ್ವಾಂಸರು ಊಹಿಸುತ್ತಾರೆ. ಅಷ್ಟು ದೂರದಿಂದ ಬಂದು, ಈ ಬಿಸಿಲಲ್ಲಿ ಬಂಡೆ ಮುಂದೆ ಕೂತು, ಕೆಲಸ ಮುಗಿದ ಮೇಲೆ ತನ್ನ ಸಹಿ ಹಾಕಿದ. ಅಶೋಕನ ಹೆಸರು ಈ ಬಂಡೆಯಲ್ಲಿಲ್ಲ, ಇರುವುದು ದೇವಾನಾಂಪ್ರಿಯ ಅನ್ನುವ ಬಿರುದು ಮಾತ್ರ. ಬರೆದವನ ಹೆಸರಿದೆ! ಅದನ್ನು ನೋಡುತ್ತಾ ತುಂಬಾ ಹೊತ್ತು ನಿಂತೆ.

ಊರಿನ ಕಥೆ ಅಶೋಕನಿಂದ ಶುರುವಾಗಿದ್ದೂ ಅಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಇಲ್ಲಿ ಅಗೆದಾಗ ಕಲ್ಲಿನ ಕೊಡಲಿ ಬಳಸಿದ ಜನರ ನೆಲೆ, ಅದಾದ ಮೇಲೆ ದೊಡ್ಡ ಕಲ್ಲುಗಳ ಗೋರಿ ಕಟ್ಟಿದವರದು, ಅದರ ಮೇಲೆ ಶಾತವಾಹನರ ಕಾಲದ್ದು, ಹೀಗೆ ಪದರ ಪದರವಾಗಿ ಸಿಕ್ಕಿತು. ದಕ್ಷಿಣ ಭಾರತದ ಹಳೆಯ ಚರಿತ್ರೆ ಬರೆಯುವ ಯಾರೂ ಬ್ರಹ್ಮಗಿರಿಯನ್ನು ಬಿಟ್ಟು ಬರೆಯಲಾರರು. ಆದರೆ ನಾವಿದ್ದಷ್ಟು ಹೊತ್ತು ಅಲ್ಲಿಗೆ ಬಂದಿದ್ದು ಕುರಿ ಮೇಯಿಸುವ ಇಬ್ಬರು ಹುಡುಗರು ಮಾತ್ರ. ನಮ್ಮ ಜಿಲ್ಲೆಯ ಶಾಲೆಗಳು ಮಕ್ಕಳನ್ನು ಪ್ರವಾಸಕ್ಕೆ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತವೆ. ಒಂದು ಸಲ ಇಲ್ಲಿಗೂ ಕರೆತರಬೇಕು.

ನೇಕಾರರ ಮನೆ ತಲುಪಿದಾಗ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಒಳಗೆ ಗುಂಡಿ ಮಗ್ಗ. ನೆಲದಲ್ಲಿ ತೋಡಿದ ಗುಂಡಿಗೆ ಕಾಲು ಇಳಿಬಿಟ್ಟು ಯಜಮಾನರು ನೇಯುತ್ತಿದ್ದರು. ಅವರ ಹೆಂಡತಿ ಪಕ್ಕದಲ್ಲಿ ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತಿದ್ದರು. ಹಸಿರು ಮೈ, ಕೆಂಪು ಅಂಚು. ಮೈಗೆ ಒಂದು ಲಾಳಿ, ಎರಡು ಅಂಚಿಗೆ ಎರಡು, ಹೀಗೆ ಮೂರು ಲಾಳಿ ಓಡುತ್ತವೆ. ಅಂಚಿನ ಬಣ್ಣ ಮೈಗೆ ನುಗ್ಗದೆ, ಕತ್ತರಿಸಿದ ಹಾಗೆ ಬೇರೆಯಾಗಿ ನಿಲ್ಲುವುದು ಅದಕ್ಕೇ. ಪ್ರತಿ ಸಾಲಿನಲ್ಲೂ ಮೈಯ ಎಳೆಗೆ ಅಂಚಿನ ಎಳೆ ಸಿಕ್ಕಿಸಬೇಕು. ಒಂದು ತಪ್ಪಿದರೂ ಅಲ್ಲಿ ಸಂದು ಬಿಡುತ್ತದೆ. ಅವರು ಮಾತಾಡುತ್ತಲೇ ನೇಯುತ್ತಿದ್ದರು, ಕೈ ಮಾತ್ರ ತಪ್ಪಲಿಲ್ಲ.

"ಸಾದಾ ಸೀರೆ ವಾರದಾಗೆ ಆಗುತ್ತೆ. ಬುಟ್ಟಾ ಜಾಸ್ತಿ ಇದ್ರೆ ಹದಿನೈದು ದಿನಾನೂ ಬೇಕು" ಅಂದರು. ಮಳೆಗಾಲದಲ್ಲಿ ಗುಂಡಿಗೆ ನೀರು ಬಂದರೆ ಕೆಲಸ ನಿಂತಂತೆ. ರೇಷ್ಮೆ ದರ ಏರಿದಾಗ ಕೂಲಿ ಏರುವುದಿಲ್ಲ. ಮಗ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ, ಮಗ್ಗಕ್ಕೆ ಬರುವುದಿಲ್ಲ ಅಂದಿದ್ದಾನೆ. "ಅವನದೇನು ತಪ್ಪು ಬಿಡಿ" ಅಂದರು. ಮೊಳಕಾಲ್ಮೂರು ಸೀರೆಗೆ 2011ರಲ್ಲಿ ಜಿಐ, ಅಂದರೆ ಈ ಊರಿನದೇ ಅನ್ನುವ ಭೌಗೋಳಿಕ ಗುರುತಿನ, ಮಾನ್ಯತೆ ಬಂದಿದೆ. ಆದರೂ ತಾವು ನೇಯ್ದ ಸೀರೆ ದೊಡ್ಡ ಊರಿನ ಅಂಗಡಿಯಲ್ಲಿ ಬೇರೆ ಊರಿನ ಹೆಸರಲ್ಲಿ ಮಾರಾಟವಾಗಿದ್ದನ್ನು ಅವರು ಕಣ್ಣಾರೆ ನೋಡಿದ್ದಾರೆ.

"ಸೀರೆ ಮೇಲೆ ನಿಮ್ಮ ಹೆಸರು ಎಲ್ಲಾದರೂ ಹಾಕ್ತೀರಾ?" ಅಂತ ಕೇಳಿದೆ.

"ಎಲ್ಲಿ ಸ್ವಾಮಿ? ಚೀಟಿ ಮೇಲೆ ಅಂಗಡಿಯೋರ ಹೆಸರಿರುತ್ತೆ."

ಬೆಳಿಗ್ಗೆ ನೋಡಿದ ಚಪಡನ ವಿಷಯ ಹೇಳಿದೆ. ಅವರು ಲಾಳಿ ನಿಲ್ಲಿಸಿ ಕೇಳಿದರು. ಸಿದ್ದಾಪುರಕ್ಕೆ ಎಷ್ಟೋ ಸಲ ಹೋಗಿ ಬಂದವರು ಅವರು, ಆ ಹೆಸರು ಕೇಳಿದ್ದು ಅದೇ ಮೊದಲು. "ಕೆಲಸ ಮಾಡಿದೋನೇ ಹೆಸರು ಹಾಕ್ಕಂಡಿದಾನಾ? ರಾಜ ಏನೂ ಅನ್ನಲಿಲ್ವಾ?" ಅಂದರು.

ಬೆಲೆ ಹೇಳಿದಾಗ, ತರಕಾರಿಗೆ ಅಷ್ಟು ಚೌಕಾಸಿ ಮಾಡಿದ ಚಿಕ್ಕಮ್ಮ ಒಂದು ಮಾತೂ ಆಡದೆ ಕೊಟ್ಟರು. ನಾನು ಒಂದು ಬಿಳಿ ಚೀಟಿ ಮುಂದಿಟ್ಟು, ನಿಮ್ಮಿಬ್ಬರ ಹೆಸರು ಬರೆದುಕೊಡಿ, ಮದುಮಗಳಿಗೆ ಕೊಡಬೇಕು ಅಂದೆ. ಅವರು ತಮ್ಮದನ್ನು ನಿಧಾನವಾಗಿ ಬರೆದು, ಹೆಂಡತಿಯ ಹೆಸರು ಬರೆಯುವ ಮೊದಲು "ನೀನೇ ಬರಿ" ಅಂತ ಪೆನ್ನು ಅವರ ಕೈಗೆ ಕೊಟ್ಟರು. ಕೆಳಗೆ ಫೋನ್ ನಂಬರನ್ನೂ ಬರೆದರು.

ಕಾರ್ತಿಕದಲ್ಲಿ ಮದುವೆ ಆಯಿತು. ಸೀರೆ ಎಲ್ಲಿಯದು ಅಂತ ಕೇಳಿದವರಿಗೆಲ್ಲಾ ಹುಡುಗಿ ಊರಿನ ಜೊತೆ ಆ ಗಂಡಹೆಂಡತಿಯ ಹೆಸರನ್ನೂ ಹೇಳುತ್ತಿದ್ದಳು. ನಂಬರ್ ಬರೆದುಕೊಂಡ ಬೀಗರ ಕಡೆಯವರೊಬ್ಬರು ತಮ್ಮ ಮಗಳಿಗೂ ಅಂಥದ್ದೇ ಸೀರೆ ಹೇಳಿಟ್ಟಿದ್ದಾರೆ. ಈ ಸಲ ನೇರಳೆ ಮೈ, ಹಳದಿ ಅಂಚು.